ಕೌದಿ ಒಗೆಯುವ ಖಣಿ: ಒಂದು ಪ್ರಕರಣ ಅಧ್ಯಯನ

ಊರಿನ ಹೆಸರು ಬರೆಯುವುದಿಲ್ಲ. ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲೂಕು, ಕಾಗಿಣಾ ಹೊಳೆಯಿಂದ ಅಷ್ಟೇನೂ ದೂರವಿಲ್ಲದ ಒಂದು ಹಳ್ಳಿ. ಇಷ್ಟು ಸಾಕು. ಹುಡುಗರ ಹೆಸರೂ ಬೇಡ. ಹೋದವರು ಮೂವರು. ಏಳನೇ ಕ್ಲಾಸಿನವನನ್ನು ದೊಡ್ಡವ ಅನ್ನೋಣ, ಐದನೇ ಕ್ಲಾಸಿನವನನ್ನು ನಡುವಿನವ, ಮೂರನೇ ಕ್ಲಾಸಿನವನನ್ನು ಸಣ್ಣವ. ಮೂವರೂ ನಾನು ಪಾಠ ಮಾಡುವ ಶಾಲೆಯವರು. ಇಬ್ಬರು ವಾಪಸ್ ಬಂದರು.

ಪೇಪರಿನಲ್ಲಿ ಇದು ನಾಲ್ಕು ಸಾಲಿನ ಸುದ್ದಿ. ಈಜಲು ಹೋಗಿ ಬಾಲಕ ನೀರುಪಾಲು. ಓದಿದವರು ಪಾಪ, ಹುಡುಗನಿಗೆ ಈಜು ಬರುತ್ತಿರಲಿಲ್ಲ ಅಂದುಕೊಳ್ಳುತ್ತಾರೆ, ಅಲ್ವಾ? ಸತ್ತ ದೊಡ್ಡವನಿಗೆ ಚೆನ್ನಾಗಿ ಈಜು ಬರುತ್ತಿತ್ತು. ಈಜು ಬಾರದ ನಡುವಿನವ ಬದುಕಿದ. ಇದು ಹೇಗಾಯಿತು ಅಂತ ನಾನು ತಿಂಗಳುಗಟ್ಟಲೆ ಕೇಳುತ್ತಾ ತಿರುಗಿದೆ. ಕೇಳಿದ್ದು, ನೋಡಿದ್ದು, ಅಳೆದದ್ದು ಎಲ್ಲ ಇಲ್ಲಿದೆ.

ಖಣಿ

ನಮ್ಮ ಕಡೆ ನೆಲ ಅಂದರೆ ಮೇಲೆ ಕರಿ ಎರೆ, ಕೆಳಗೆ ಫರ್ಸಿ. ಹೊರಗಿನವರು ಇದನ್ನೇ ಶಹಾಬಾದ್ ಕಲ್ಲು ಅನ್ನುತ್ತಾರೆ. ಇದು ಸುಣ್ಣದ ಕಲ್ಲು. ಪದರ ಪದರವಾಗಿ ಕೂತಿರುತ್ತದೆ, ಹಾರೆ ಹಾಕಿ ಮೀಟಿದರೆ ಹಲಗೆಯ ಹಾಗೆ ಏಳುತ್ತದೆ. ನಮ್ಮ ಮನೆಗಳ ನೆಲ, ಗೋಡೆ, ಶಾಲೆಯ ಕಟ್ಟೆ, ಸಂಡಾಸಿನ ಮೇಲಿನ ಹೊದಿಕೆ, ಎಲ್ಲ ಇದೇ. ಕಲ್ಲು ತೆಗೆದ ಗುಂಡಿಗೆ ಖಣಿ ಅನ್ನುತ್ತೇವೆ. ಒಳ್ಳೆ ಪದರ ಮುಗಿದರೆ, ಇಲ್ಲವೇ ಬುಡದಲ್ಲಿ ನೀರು ಜಿನುಗಿದರೆ, ಖಣಿ ಬಿಟ್ಟು ಪಕ್ಕಕ್ಕೆ ಹೋಗುತ್ತಾರೆ. ಬಿಟ್ಟ ಖಣಿಯಲ್ಲಿ ಮಳೆ ನೀರು ತುಂಬುತ್ತದೆ. ತಳ ಬಂಡೆ, ಇಂಗುವುದು ಕಡಿಮೆ. ಹಳ್ಳ ಒಣಗಿ ಬಿರುಕು ಬಿಟ್ಟ ಬೇಸಿಗೆಯಲ್ಲೂ ಖಣಿಯಲ್ಲಿ ಹಸಿರು ನೀರು ನಿಂತಿರುತ್ತದೆ. ನಮ್ಮ ಊರ ಸುತ್ತ ಇಂಥವು ಎಂಟು ಇವೆ.

ಹೊಳೆಯಲ್ಲಿ ಇಳಿದರೆ ಹೆಚ್ಚಿನ ಕಡೆ ಆಳ ಮೆಲ್ಲಗೆ ಏರುತ್ತದೆ. ಮೊಣಕಾಲು, ತೊಡೆ, ಸೊಂಟ. ಕಾಲಿಗೇ ಗೊತ್ತಾಗುತ್ತದೆ. ಖಣಿ ಹಾಗಲ್ಲ. ಕಲ್ಲು ತೆಗೆಯುವಾಗ ಒಂದು ಅಂಕಣ ಮೇಲೆಯೇ ಬಿಟ್ಟು ಪಕ್ಕದ ಅಂಕಣ ಆಳಕ್ಕೆ ಇಳಿಸಿರುತ್ತಾರೆ. ಹೀಗಾಗಿ ನೀರಿನೊಳಗೆ ಕಟ್ಟೆಗಳಿರುತ್ತವೆ. ಕಟ್ಟೆಯ ಅಂಚು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ. ಅಂಚಿನ ಮೇಲೆ ಹಾವಸೆ.

ನಮ್ಮ ಈ ಖಣಿಯ ಒಂದು ಬದಿಗೆ ಅಂಥ ಒಂದು ಅಗಲವಾದ ಕಟ್ಟೆ ಇದೆ. ಊರ ಹೆಣ್ಣುಮಕ್ಕಳು ಅಲ್ಲೇ ಕೌದಿ ಒಗೆಯುವುದು. ದಸರಾ ಬಂತು ಅಂದರೆ ಮನೆಯ ಕೌದಿ, ಜಮಖಾನೆ ಎಲ್ಲ ಹೊತ್ತು ಖಣಿಗೆ ಹೋಗುವುದು ರೂಢಿ. ಮಕ್ಕಳೂ ಜೊತೆಗೆ. ತಾಯಂದಿರು ಒಗೆಯುತ್ತಾರೆ, ಮಕ್ಕಳು ಅದೇ ಕಟ್ಟೆಯ ಮೇಲೆ ಮೊಣಕಾಲು ನೀರಲ್ಲಿ ಕುಣಿಯುತ್ತಾರೆ. ಮೂವರೂ ಹುಡುಗರು ಆ ಜಾಗವನ್ನು ಎತ್ತಿಕೊಳ್ಳುವ ವಯಸ್ಸಿನಿಂದ ಬಲ್ಲವರು. ಅವರ ಮಟ್ಟಿಗೆ ಅದು ಅಪಾಯದ ಜಾಗವೇ ಅಲ್ಲ, ಅವ್ವನ ಜೊತೆ ಆಡಿದ ಜಾಗ.

ಆ ವರ್ಷ ಭಾದ್ರಪದದ ಮಳೆ ಜೋರಾಗಿತ್ತು. ಖಣಿಯ ನೀರು ಎರಡು ಅಡಿ ಏರಿತ್ತು. ಘಟನೆ ಆದ ನಾಲ್ಕನೇ ದಿನ ನಾನು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದೆ. ಕಟ್ಟೆಯ ಮೇಲೆ ಮೂರೂವರೆ ಅಡಿ. ಹಗ್ಗವನ್ನು ಒಂದು ಮೊಳ ಮುಂದಕ್ಕೆ ಸರಿಸಿದೆ. ಕಲ್ಲು ಇಳಿಯಿತು, ಇಳಿಯಿತು, ಹದಿನಾರು ಅಡಿಗೆ ನಿಂತಿತು. ನಡುವೆ ಏನೂ ಇಲ್ಲ. ದಂಡೆಯಿಂದ ನೋಡಿದರೆ ಎರಡೂ ಕಡೆ ಒಂದೇ ಹಸಿರು.

ಆ ಮಧ್ಯಾಹ್ನ

ದಸರಾ ರಜೆ. ದೊಡ್ಡವರೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಅಕ್ಟೋಬರ್ ಬಿಸಿಲು ನಿಮಗೆ ಗೊತ್ತೇ ಇದೆ. ಹುಡುಗರು ಮೊದಲು ಹೋದದ್ದು ಊರ ಪಕ್ಕದ ಹೊಲದ ಬಾವಿಗೆ. ಅಲ್ಲಿ ಮೋಟಾರು ನೋಡಲು ಬಂದಿದ್ದ ರೈತ ಬೈದು ಓಡಿಸಿದ. ಅವನನ್ನು ತಪ್ಪು ಅನ್ನಲಾರೆ, ನಾನಿದ್ದರೂ ಓಡಿಸುತ್ತಿದ್ದೆ. ಆದರೆ ಆ ಬಾವಿಗೆ ಮೆಟ್ಟಿಲಿತ್ತು, ಪೈಪಿತ್ತು, ಪಕ್ಕದಲ್ಲಿ ಒಬ್ಬ ಗಂಡಸು ಇದ್ದ. ಅಲ್ಲಿಂದ ಓಡಿದವರು ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿದರು. ಖಣಿಯ ಸುತ್ತ ಚೂರು ಕಲ್ಲಿನ ಗುಡ್ಡೆ, ಮೇಲೆ ಜಾಲಿ ಗಿಡ. ಹತ್ತು ಹೆಜ್ಜೆ ಆಚೆ ನಿಂತವರಿಗೂ ಒಳಗೆ ಯಾರಿದ್ದಾರೆ ಕಾಣುವುದಿಲ್ಲ.

ಸಣ್ಣವ ದಂಡೆಯಲ್ಲಿ ಬಟ್ಟೆ ಕಾಯುತ್ತಾ ಕೂತ. ದೊಡ್ಡವ ಇನ್ನೂ ಅಂಗಿ ಬಿಚ್ಚುತ್ತಿದ್ದ. ನಡುವಿನವ ಕಟ್ಟೆಯ ಮೇಲೆ ಇಳಿದು ಎದೆ ನೀರಿನಲ್ಲಿ ನಡೆಯುತ್ತಾ ಹೋದ. ಹೋದ ವರ್ಷ ಅಲ್ಲಿ ನೀರು ತೊಡೆಗಿತ್ತು, ಅಂಚು ಮಸುಕಾಗಿ ಕಾಣುತ್ತಿತ್ತು. ಈ ಸಲ ಕಾಣಲಿಲ್ಲ. ಒಂದು ಹೆಜ್ಜೆ ಹೆಚ್ಚಾಯಿತು.

ಸಣ್ಣವನನ್ನು ನಾನು ಎಷ್ಟೋ ದಿನ ಬಿಟ್ಟು, ಮೆಲ್ಲಗೆ ಕೇಳಿದೆ. ನಡುವಿನವ ಕೂಗಲಿಲ್ಲವೇನೋ ಅಂದೆ.

"ಇಲ್ಲ ಸರ್. ಬಾಯಿ ನೀರಾಗೇ ಇತ್ತು. ಕೈ ಹಿಂಗ್ ಹಿಂಗ್ ಮಾಡ್ತಿದ್ದ. ನಾ ಆಡ್ಲಾಕತ್ತಾನ ಅನ್ಕೊಂಡೆ."

ಎರಡೂ ಅಂಗೈಯಿಂದ ನೀರನ್ನು ಕೆಳಕ್ಕೆ ಒತ್ತುವ ಹಾಗೆ ಮಾಡಿ ತೋರಿಸಿದ. ಮುಳುಗುವವರು ನಿಜವಾಗಿ ಮಾಡುವುದು ಅದನ್ನೇ. ಉಸಿರಿಗೇ ಜಾಗವಿಲ್ಲದಾಗ ಕೂಗು ಎಲ್ಲಿಂದ ಬರಬೇಕು? ಕೈ ಮೇಲೆತ್ತಿ ಬೀಸಲೂ ಆಗುವುದಿಲ್ಲ, ಮೇಲೆತ್ತಿದರೆ ದೇಹ ಇನ್ನೂ ಕೆಳಗೆ ಹೋಗುತ್ತದೆ. ಈ ಹೊಡೆದಾಟ ನಡೆಯುವುದು ಇಪ್ಪತ್ತರಿಂದ ಅರವತ್ತು ಸೆಕೆಂಡು ಅಷ್ಟೇ.

ದೊಡ್ಡವನಿಗೆ ಗೊತ್ತಾಯಿತು. ಅವನು ಜಿಗಿದ. ಮಾವನ ಬಾವಿಯಲ್ಲಿ ಎರಡು ಬೇಸಿಗೆ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತಿದ್ದ ಹುಡುಗ. ಆದರೆ ಬಾವಿಯ ಈಜು ಅಂದರೆ ಏನು? ಮೇಲಿಂದ ಹಾರು, ನಾಲ್ಕು ಸಲ ಕೈ ಬೀಸು, ಮೆಟ್ಟಿಲು ಹಿಡಿ. ಇನ್ನೊಬ್ಬನ ಭಾರ ಹೊತ್ತು ಈಜುವುದನ್ನು ಯಾವ ಬಾವಿಯಲ್ಲಿ ಯಾರು ಕಲಿಸುತ್ತಾರೆ? ಹತ್ತಿರ ಬಂದ ಕೂಡಲೇ ನಡುವಿನವ ಅವನ ಕುತ್ತಿಗೆ ತಬ್ಬಿದ. ಆಮೇಲೆ ಹೆಗಲ ಮೇಲೆ ಹತ್ತಿದ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಏರುತ್ತಾನೆ, ಅದು ಮನುಷ್ಯನೋ ಮರದ ತುಂಡೋ ಅವನಿಗೆ ಗೊತ್ತಿರುವುದಿಲ್ಲ. ದೊಡ್ಡವನ ಹೆಗಲಿಗೆ ಕಾಲು ಕೊಟ್ಟು ಒದ್ದ ರಭಸಕ್ಕೆ ನಡುವಿನವ ಕಟ್ಟೆಯ ಮೇಲೆ ಬಿದ್ದ. ಕೆಮ್ಮುತ್ತಾ ತೆವಳಿಕೊಂಡು ದಂಡೆಗೆ ಬಂದ.

ದೊಡ್ಡವ ಒಂದು ಸಲ ಮೇಲೆ ಬಂದನಂತೆ. ಅಷ್ಟೇ.

ಹನ್ನೆರಡೂವರೆಯಿಂದ ಮೂರೂವರೆ

ನನಗೆ ನಿದ್ದೆ ಕೆಡಿಸಿದ್ದು ಈ ಭಾಗ.

ಖಣಿಯಿಂದ ಮುನ್ನೂರು ಹೆಜ್ಜೆ ದೂರದ ಬೇವಿನ ಗಿಡದ ಕೆಳಗೆ ಒಬ್ಬ ಮುತ್ಯಾ ಆಡು ಮೇಯಿಸುತ್ತಾ ಕೂತಿದ್ದ. ಅವನ ಹೆಗಲ ಮೇಲೆ ಆಡಿನ ಹಗ್ಗ, ತಲೆಗೆ ರುಮಾಲು, ಸೊಂಟಕ್ಕೆ ಧೋತರ, ಕಿಸೆಯಲ್ಲಿ ಬಟನ್ ಮೊಬೈಲು. ಅವನಿಗೆ ಈಜು ಬಾರದು. ಆದರೂ ಹಗ್ಗ ಎಸೆಯಲು, ನಾಲ್ಕು ಜನರನ್ನು ಕರೆಯಲು ಈಜು ಬೇಕಿಲ್ಲ. ಸಣ್ಣವ ಅವನ ಮುಂದೆಯೇ ಓಡಿ ಹೋದ. ಮುತ್ಯಾ, "ಎಲ್ಲಿಗಿ ಓಡ್ತೀಯೋ?" ಅಂತ ಕೇಳಿದ. ಹುಡುಗ "ಮನಿಗಿ" ಅಂದ. ಆ ಮುತ್ಯಾ ಅವನ ಅಪ್ಪನ ದೊಡ್ಡಪ್ಪ. ಹೇಳಿದರೆ ಸುದ್ದಿ ಸೀದಾ ಅಪ್ಪನಿಗೆ ಹೋಗುತ್ತದೆ.

ನಡುವಿನವ ಏನು ಮಾಡಿದ ಗೊತ್ತೇ? ಮೈ ಒರೆಸಿಕೊಂಡು ಎರಡೂ ಕೈಗೆ ಮಣ್ಣು ಉಜ್ಜಿಕೊಂಡ.

ಇದು ಯಾಕೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನೀರಿನಲ್ಲಿ ಆಡಿ ಬಂದ ಹುಡುಗನ ಮೈ ಒಣಗಿದ ಮೇಲೆ ಉಗುರಿನಿಂದ ಗೀಚಿದರೆ ಬಿಳಿ ಗೆರೆ ಬೀಳುತ್ತದೆ. ಮನೆಯಲ್ಲಿ ಅಪ್ಪ ಹಾಗೇ ಹಿಡಿಯುವುದು. ಶಾಲೆಯಲ್ಲಿ ನಾವೂ ಹಾಗೇ ಹಿಡಿಯುತ್ತಿದ್ದೆವು. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹುಡುಗರ ಸಾಲಿನಲ್ಲಿ ನಡೆಯುತ್ತಾ ಕೈ ಗೀಚಿ ನೋಡುವುದು, ಗೆರೆ ಬಿದ್ದವನಿಗೆ ಎರಡು ಬಿಗಿಯುವುದು. ನಾನೇ ಮಾಡಿದ್ದೇನೆ. ಮಕ್ಕಳನ್ನು ನೀರಿನಿಂದ ದೂರ ಇಡುತ್ತಿದ್ದೇನೆ ಅಂತಲೇ ನಂಬಿದ್ದೆ. ಮಕ್ಕಳು ಕಲಿತದ್ದು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವುದನ್ನು, ಮಣ್ಣು ಉಜ್ಜಿಕೊಳ್ಳುವುದನ್ನು.

ಇಬ್ಬರೂ ದೊಡ್ಡವನ ಬಟ್ಟೆಯನ್ನು ಕಲ್ಲಿನ ಗುಡ್ಡೆಯ ಸಂದಿಯಲ್ಲಿ ತುರುಕಿದ್ದರು. ಅವನು ನಮ್ಮ ಜೊತೆ ಬಂದೇ ಇಲ್ಲ ಅಂತ ಮಾತಾಡಿಕೊಂಡಿದ್ದರು. ಸಣ್ಣವ ಮನೆಗೆ ಬಂದು, ಆ ಬಿಸಿಲಿನಲ್ಲಿ, ಕೌದಿ ಹೊದ್ದು ಮಲಗಿದ. ಅವನ ಅಕ್ಕ ಊಟಕ್ಕೆ ಎಬ್ಬಿಸಿದಳು, ಏಳಲಿಲ್ಲ. ಜ್ವರ ಅಂದುಕೊಂಡಳು. ಮೂರೂವರೆಗೆ ಕೌದಿ ಜಗ್ಗಿ ನೋಡಿದರೆ ಹುಡುಗ ನಡುಗುತ್ತಿದ್ದ. ಅವಳು ಬೈಯಲಿಲ್ಲ. ತಲೆ ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಆಗ ಹೇಳಿದ.

ಮೂರು ತಾಸು. ನೀರಿನೊಳಗೆ ಹೋದವನ ಮಿದುಳಿಗೆ ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷದಲ್ಲಿ ಹಾನಿ ಶುರುವಾಗುತ್ತದೆ. ಮುತ್ಯಾ ಹಗ್ಗ ಹಿಡಿದು ಓಡಿ ಬಂದಿದ್ದರೆ ದೊಡ್ಡವ ಉಳಿಯುತ್ತಿದ್ದನೇ? ಖಂಡಿತ ಅಂತ ಹೇಳಲಾರೆ. ಹದಿನಾರು ಅಡಿ ಆಳದಿಂದ ಎತ್ತುವವರು ಬೇಕಿತ್ತು. ಆದರೆ ಆ ಪ್ರಯತ್ನ ಶುರುವಾಗಲೇ ಇಲ್ಲ. ಶುರುವಾಗದಂತೆ ತಡೆದದ್ದು ನೀರಲ್ಲ.

ದಂಡೆಯ ಮೇಲೆ

ನಾಲ್ಕೂವರೆಗೆ ಪಕ್ಕದ ಊರಿನ ಇಬ್ಬರು ಈಜುಗಾರರು ಮುಳುಗಿ ಎತ್ತಿದರು. ಅಗ್ನಿಶಾಮಕದವರು ಬರುವಷ್ಟರಲ್ಲಿ ಹುಡುಗ ದಂಡೆಯ ಮೇಲಿದ್ದ. ಆಮೇಲೆ ಆದದ್ದನ್ನು ಬರೆಯಲು ಕಷ್ಟ, ಆದರೂ ಬರೆಯಬೇಕು. ಕಾಲು ಹಿಡಿದು ತಲೆಕೆಳಗಾಗಿ ಎತ್ತಿದರು. ಒಬ್ಬ ಹೆಗಲ ಮೇಲೆ ಹೊತ್ತು ಗಿರಗಿರ ತಿರುಗಿದ. ಇನ್ನೊಬ್ಬ ಹೊಟ್ಟೆ ಒತ್ತಿದ. ಬಾಯಿಂದ ನೀರು, ಅನ್ನ ಬಂತು. ಅದನ್ನು ನೋಡಿ ಜೀವ ಇದೆ ಅಂದರು. ಗುಂಪಿನಿಂದ ಯಾರೋ, ಉಪ್ಪು ತರಿಸ್ರಿ, ಉಪ್ಪಿನ್ಯಾಗ ಇಟ್ರ ಏಳ್ತಾನ ಅಂದರು. ಮೊಬೈಲಿನಲ್ಲಿ ಓಡಾಡುವ ಮೆಸೇಜು ಅದು. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇದನ್ನೇ ನಂಬಿ ನೀರಲ್ಲಿ ಸತ್ತ ಹುಡುಗನನ್ನು ತಾಸುಗಟ್ಟಲೆ ಉಪ್ಪಿನ ರಾಶಿಯಲ್ಲಿ ಮಲಗಿಸಿದ್ದು ಸುದ್ದಿಯಾಗಿತ್ತು. ಉಪ್ಪಿನಿಂದ ಯಾರೂ ಏಳುವುದಿಲ್ಲ.

ಆ ಹೊತ್ತಿಗೆ ಏನು ಮಾಡಿದರೂ ವ್ಯತ್ಯಾಸವಾಗುತ್ತಿರಲಿಲ್ಲ. ಆದರೆ ಮೂರೇ ನಿಮಿಷದಲ್ಲಿ ಎತ್ತಿದ್ದರೂ ನಾವು ಇದನ್ನೇ ಮಾಡುತ್ತಿದ್ದೆವು. ಉಳಿಯಬೇಕಾದವನನ್ನೂ ಕಳೆದುಕೊಳ್ಳುತ್ತಿದ್ದೆವು. ಹೊಟ್ಟೆ ಒತ್ತಿದರೆ ಬರುವುದು ಹೊಟ್ಟೆಯ ನೀರು, ಶ್ವಾಸಕೋಶದ್ದಲ್ಲ. ಜೊತೆಗೆ ಬಂದ ಅನ್ನ ಉಸಿರಿನ ದಾರಿಗೆ ಇಳಿದು ಇನ್ನಷ್ಟು ಕೆಡಿಸುತ್ತದೆ. ನೀರಿನಲ್ಲಿ ಮುಳುಗಿದವರ ಹೃದಯ ನಿಲ್ಲುವುದು ಉಸಿರು ಸಿಗದೆ. ಹಾಗಾಗಿ ಮೊದಲು ಕೊಡಬೇಕಾದದ್ದೂ ಉಸಿರೇ.

ಆಮೇಲೆ ಒಂದು ತರಬೇತಿಯಲ್ಲಿ ಬೊಂಬೆಯ ಮೇಲೆ ಕೈಯಿಟ್ಟು ಕಲಿತೆ. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸು. ಉಸಿರಾಡುತ್ತಿಲ್ಲ ಅಂದರೆ ಹಣೆ ಹಿಂದಕ್ಕೆ, ಗದ್ದ ಮೇಲಕ್ಕೆ ಮಾಡಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಊದು. ಎದೆ ಏಳುವುದು ಕಾಣಬೇಕು. ಹೀಗೆ ಐದು ಸಲ. ಕೆಲವು ಕಡೆ ಎರಡು ಸಲ ಅಂತ ಕಲಿಸುತ್ತಾರೆ, ಅದಕ್ಕೆ ಜಗಳ ಬೇಡ. ಆಮೇಲೆ ಎದೆಯ ನಡುವೆ ಅಂಗೈ ಇಟ್ಟು, ಎದೆಯ ದಪ್ಪದ ಮೂರನೇ ಒಂದು ಭಾಗ ಕೆಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಮೂವತ್ತು ಸಲ ಒತ್ತು. ಎರಡು ಉಸಿರು. ಮತ್ತೆ ಮೂವತ್ತು. 108 ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬಾರದು. ತಾನಾಗಿ ಉಸಿರಾಡತೊಡಗಿದರೆ ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಎದ್ದು ಕೂತು ಚಹಾ ಕುಡಿದರೂ ಒಯ್ಯಬೇಕು, ತಾಸುಗಳ ಮೇಲೆ ಉಸಿರಾಟ ಕೆಡುವುದುಂಟು. ಆ ದಿನ ನಡುವಿನವನನ್ನು ಯಾರೂ ಡಾಕ್ಟರಿಗೆ ತೋರಿಸಲಿಲ್ಲ. ಅವನೂ ನೀರು ಕುಡಿದಿದ್ದ ಅನ್ನುವುದು ನಮಗೆ ಗೊತ್ತಾದದ್ದೇ ಮರುದಿನ. ಅವನ ಪುಣ್ಯ.

ಸಭೆ

ದೇಶದಲ್ಲಿ ವರ್ಷಕ್ಕೆ 35 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಅನ್ನುತ್ತದೆ ಸರಕಾರದ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯಲ್ಲಿ ಜಗತ್ತಿನ ಲೆಕ್ಕ ವರ್ಷಕ್ಕೆ 3 ಲಕ್ಷ. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಮೂರನೇ ದೊಡ್ಡ ಕಾರಣ ಇದೇ. ಈ ಅಂಕಿಗಳನ್ನು ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಓದಿದೆ. ಯಾರೂ ಮಿಸುಕಲಿಲ್ಲ. ಎದುರಿಗೆ ಒಂದು ಖಣಿ ಇರುವಾಗ ಜಗತ್ತಿನ ಲೆಕ್ಕ ಯಾರಿಗೆ ಬೇಕು.

ಆಮೇಲೆ ಬಂದ ಸಲಹೆಗಳು ಎರಡು. ಒಂದು, ಖಣಿಗೆ ಹೋದವರ ಕಾಲು ಮುರೀರಿ. ಇನ್ನೊಂದು, ಎಲ್ಲರಿಗೂ ಈಜು ಕಲಿಸ್ರಿ. ಈಜು ಕಲಿಸುವುದು ಒಳ್ಳೆಯದೇ, ಆದರೆ ಕಲಿತವನೇ ಅಲ್ವಾ ಹೋದದ್ದು? ಈಜಿನ ಜೊತೆಗೆ, ಇನ್ನೊಬ್ಬ ಮುಳುಗುವಾಗ ನೀನು ಇಳಿಯಬೇಡ ಅನ್ನುವುದನ್ನೂ ಕಲಿಸದಿದ್ದರೆ ಅರ್ಧ ಕಲಿಸಿದ ಹಾಗೆ.

ನಾನು ಕೇಳಿದ್ದು ಬೇರೆ. ಓಡಿ ಬಂದು ಹೇಳಿದ ಮಗುವಿಗೆ ಆ ದಿನ ಯಾರೂ ಕೈ ಎತ್ತಬಾರದು, ಬೈಯಬಾರದು. ಮನೆಯಲ್ಲೂ, ಶಾಲೆಯಲ್ಲೂ. ಮೊದಲು ನನ್ನ ಕಡೆಯಿಂದ, ಕೈ ಗೀಚಿ ನೋಡುವುದು ಇವತ್ತಿಗೆ ಬಂದ್.

ಒಬ್ಬ ಅಪ್ಪ ಎದ್ದು ನಿಂತ. "ಹಂಗಂದ್ರ ಖಣಿಗಿ ಹೋಗ್ರಿ ಅಂತ ನಾವೇ ಹೇಳ್ದಂಗ ಆತಲ್ರಿ ಸರ್?"

ಸುಮ್ನೆ ತಳ್ಳಿ ಹಾಕುವ ಮಾತಲ್ಲ ಅದು. ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆ ದಿನ ಉತ್ತರ ಕೊಟ್ಟವಳು ಸಣ್ಣವನ ಅವ್ವ. ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. "ಬಡೀತೀವಂತ ಗೊತ್ತಿದ್ದೇ ಹೋಗಿದ್ರಲ್ರಿ ಅಣ್ಣಾ. ಬಡೀತೀವಂತ ಹೇಳ್ಲಿಲ್ಲ, ಅಷ್ಟೇ" ಅಂದಳು. ಸಭೆ ಅಲ್ಲಿಗೆ ಮುಗಿಯಿತು.

ಡಬ್ಬಿ, ಹಗ್ಗ

ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಒಂದು ದುಂಡನೆಯ ಗೆರೆ ಹಾಕಿ, ಅದರೊಳಗೆ ಒಬ್ಬನನ್ನು ನಿಲ್ಲಿಸುತ್ತೇವೆ. ಅವನು ಮುಳುಗುವವ. ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ, ಹಿಡಿಕೆಗೆ ಮೂವತ್ತು ಅಡಿ ನೈಲಾನ್ ಹಗ್ಗ. ಬಿಗಿಯಾಗಿ ಮುಚ್ಚಳ. ಪೂರ್ತಿ ಖಾಲಿ ಡಬ್ಬಿ ಗಾಳಿಗೆ ಎಲ್ಲೆಲ್ಲೋ ಹೋಗುತ್ತದೆ. ಒಳಗೆ ಎರಡು ಬೆರಳಷ್ಟು ನೀರು ಬಿಟ್ಟರೆ ಗುರಿಗೆ ಬೀಳುತ್ತದೆ, ತೇಲುವುದಕ್ಕೂ ತೊಂದರೆಯಿಲ್ಲ. ಮೊದಲ ದಿನ ಮಕ್ಕಳು ಉತ್ಸಾಹದಲ್ಲಿ ಹಗ್ಗದ ಸಮೇತ ಎಸೆದುಬಿಟ್ಟರು! ಈಗ ಹಗ್ಗದ ತುದಿಯನ್ನು ಕಾಲಿನಿಂದ ಮೆಟ್ಟಿ ಎಸೆಯುತ್ತಾರೆ. ಎಸೆದವನು ಕೂಡಲೇ ಬೋರಲು ಮಲಗಬೇಕು. ನಿಂತು ಎಳೆದರೆ ಅವನೂ ಜಾರಿ ಬೀಳುತ್ತಾನೆ. ಇನ್ನೊಬ್ಬ ದೊಡ್ಡವರನ್ನು ಕೂಗುತ್ತಾ ಓಡಬೇಕು, ದಾರಿಯಲ್ಲಿ ಮೊದಲು ಸಿಕ್ಕವರಿಗೇ ಹೇಳಬೇಕು. ಈ ಓಟವನ್ನೂ ಅಭ್ಯಾಸ ಮಾಡಿಸುತ್ತೇವೆ. ನನಗೆ ಕೇಳಿದರೆ ಡಬ್ಬಿ ಎಸೆಯುವುದಕ್ಕಿಂತ ಇದೇ ಮುಖ್ಯ.

ಡಬ್ಬಿ ಇಲ್ಲದಿದ್ದರೆ? ಕೌದಿ ಒಗೆಯಲು ಬಂದ ಹೆಣ್ಣುಮಕ್ಕಳಿಗೆ ಹೇಳಿದೆವು. ಮೈಮೇಲಿನ ಸೀರೆ ಹದಿನೆಂಟು ಅಡಿ ಇದೆ. ಮುಚ್ಚಳ ಹಾಕಿದ ಡಬ್ಬಿಯಾಗಲಿ, ಬೋರಲು ಹಾಕಿದ ಪ್ಲಾಸ್ಟಿಕ್ ಕೊಡವಾಗಲಿ ಒಬ್ಬ ಹುಡುಗನನ್ನು ತೇಲಿಸುತ್ತದೆ. ಒದ್ದೆ ಕೌದಿ ಮಾತ್ರ ಎಸೆಯಬೇಡಿ, ಅದೇ ಮುಳುಗುತ್ತದೆ.

ಖಣಿಯ ಕೆಲಸ ತಡವಾಯಿತು. ಜಾಗ ಯಾರದು ಅನ್ನುವುದರಲ್ಲೇ ಒಂದು ಮಳೆಗಾಲ ಹೋಯಿತು. ಮೊದಲು ತಂತಿ ಬೇಲಿ ಹಾಕಿಸಿದರು. ಎರಡು ತಿಂಗಳಲ್ಲಿ ತಂತಿ ಯಾರದೋ ಹೊಲದ ಬೇಲಿಯಾಯಿತು. ಆಮೇಲೆ ಒಬ್ಬ ಹಳೆಯ ಖಣಿ ಕೆಲಸಗಾರ ಒಂದು ಮಾತು ಹೇಳಿದ. ಪಕ್ಕದಲ್ಲೇ ಗುಡ್ಡೆ ಗುಡ್ಡೆ ಚೂರು ಕಲ್ಲು ಬಿದ್ದಿದೆಯಲ್ಲ, ಬೇಸಿಗೆಯಲ್ಲಿ ನೀರು ಇಳಿದಾಗ ಕಟ್ಟೆಯ ಅಂಚಿಗೆ ಅದನ್ನೇ ಪೇರಿಸಿ ಗೋಡೆ ಕಟ್ಟಿ ಅಂದ. ಹಾಗೇ ಮಾಡಿದರು. ಎದೆಮಟ್ಟದ ಗೋಡೆ. ಈಗ ಎಂಥ ಮಳೆ ಬಂದರೂ ಕಟ್ಟೆಯ ಮೇಲೆ ನಡೆಯುವವನಿಗೆ ಅಂಚು ಬರುವ ಮೊದಲು ಗೋಡೆ ತಾಗುತ್ತದೆ. ಎದುರು ಬದಿಯ ನೆಟ್ಟಗಿನ ಗೋಡೆಗೆ ಎರಡು ಕಡೆ ಮೆಟ್ಟಿಲು ಹೊಡೆಸಿದ್ದಾರೆ. ಜಾಲಿ ಕಡಿಸಿದ್ದಾರೆ, ಬೇವಿನ ಗಿಡದಿಂದ ಈಗ ನೀರು ಕಾಣುತ್ತದೆ. ಉಳಿದ ಏಳು ಖಣಿಗಳು ಹಾಗೇ ಇವೆ.

ದಂಡೆಯಲ್ಲಿ ಗೂಟ ಹೊಡೆದು ತೂಗುಹಾಕಿದ ಎಣ್ಣೆ ಡಬ್ಬಿ ಎರಡು ಸಲ ಕಳುವಾಯಿತು. ಒಳ್ಳೆ ಡಬ್ಬಿ, ಯಾರು ಬಿಡುತ್ತಾರೆ? ಈಗ ಎರಡು ಲೀಟರಿನ ನಾಲ್ಕು ಖಾಲಿ ಕೂಲ್‌ಡ್ರಿಂಕ್ ಬಾಟಲಿ ಮುಚ್ಚಳ ಹಾಕಿ, ಹಳೆಯ ಬಲೆ ಚೀಲದಲ್ಲಿ ಕಟ್ಟಿ ಇಟ್ಟಿದ್ದೇವೆ. ಅದನ್ನು ಯಾರೂ ಮುಟ್ಟಿಲ್ಲ. ಹಗ್ಗ ಬಿಸಿಲಿಗೆ ಹಾಳಾಗಿದೆಯೋ ನೋಡುವ ಕೆಲಸ ಆಡು ಮೇಯಿಸುವ ಮುತ್ಯಾನದು. ಆ ದಿನ ಹುಡುಗನನ್ನು ನಿಲ್ಲಿಸಿ ಇನ್ನೊಂದು ಮಾತು ಕೇಳಲಿಲ್ಲವಲ್ಲ ಅಂತ ಅವನು ಈಗಲೂ ಅನ್ನುತ್ತಾನೆ.

ಹೋದ ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಮನೆಗೆ ಏದುಸಿರು ಬಿಡುತ್ತಾ ಬಂದಳು. ಬಾಗಿಲಲ್ಲೇ ನಿಂತು, "ಸರ್, ನಮ್ಮಣ್ಣ ಮತ್ತ್ ಇಬ್ಬರು ಖಣಿಗಿ ಹೋಗ್ಯಾರ. ಬಡೀಬ್ಯಾಡ್ರಿ" ಅಂದಳು. ಚಪ್ಪಲಿ ಹಾಕದೆ ಓಡಿದೆ. ಮೂವರೂ ದಂಡೆಯ ಮೇಲೆ ಕೂತು ಕಡಲೆ ತಿನ್ನುತ್ತಿದ್ದರು. ನನ್ನನ್ನು ನೋಡಿ ಒಬ್ಬ ಥಟ್ಟನೆ ಕೈ ಎರಡೂ ಬೆನ್ನ ಹಿಂದೆ ಮಾಡಿದ. ಕೂದಲು ಒದ್ದೆ ಇತ್ತು. ನಾನು ಪಕ್ಕದಲ್ಲಿ ಕೂತೆ, ಕಡಲೆಗೆ ಕೈ ಒಡ್ಡಿದೆ. ಅವನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಬೆನ್ನ ಹಿಂದಿನ ಕೈಯಿಂದಲೇ ನಾಲ್ಕು ಕಾಳು ಹಾಕಿದ.